ಮುದ್ರೆ ಬಿದ್ದ ಬೇಳೆ

"ಕೇಳ್ರಪ್ಪೋ ಕೇಳ್ರಿ! ಗಡಿಬಾಗಿಲಿನ ವಾದ ಕೇಳಿ ಕೇಳಿ ದೊರೆಗಳ ತಲೆ ಚಿಟ್ಟು ಹಿಡಿದಿದೆ. ಇನ್ನು ಮಾತಾಡುವವರು ತಲೆ ಪಣಕ್ಕಿಟ್ಟು ಮಾತಾಡಬೇಕು. ಮೂರು ಒಗಟು ಬಿಡಿಸಿದವರ ಮಾತೇ ಗಡಿಯ ಕಾಯಿದೆ. ತಪ್ಪಿದರೆ ತಲೆದಂಡ!"

ಕೆಂಗೋಟೆಯ ಓಣಿ ಓಣಿಯಲ್ಲೂ ಹೀಗೆ ಡಂಗುರ ಸಾರಿದರು. ಆ ವಾದ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಕೆಂಗೋಟೆ ಮೊದಲು ಏಳು ನಾಡುಗಳ ಒಕ್ಕೂಟದಲ್ಲಿತ್ತು. ಹೊರಗಿಂದ ಬರುವ ಕಾಳುಕಡ್ಡಿಯಲ್ಲಿ ಹತ್ತಕ್ಕೊಂದು ಚೀಲ ಗಡಿಯಲ್ಲೇ ಬಿಚ್ಚಬೇಕು, ಹನ್ನೆರಡು ಹೆಂಗಸರು ಮೊರ ಹಿಡಿದು ಹಸನು ಮಾಡಿ ನೋಡಬೇಕು, ಒಂದು ಹಿಡಿ ಕೆಟ್ಟದ್ದು ಸಿಕ್ಕರೂ ಗಾಡಿ ವಾಪಸ್ಸು. ಇದು ಒಕ್ಕೂಟದ ಕಾಯಿದೆ. ಹೋದ ದೀಪಾವಳಿಗೆ "ನಮ್ಮ ಗಡಿ, ನಮ್ಮ ಕಾಯಿದೆ" ಎಂದು ಪಟಾಕಿ ಹಚ್ಚಿ ಹೊರಬಂದರು. ಆದರೆ ನಮ್ಮ ಕಾಯಿದೆ ಏನು ಅಂತ ಒಬ್ಬನಾದರೂ ಬರೆದಿದ್ದನೇ? ಇಲ್ಲ! ಸುಂಕದ ಮಂತ್ರಿ, "ಬಿಚ್ಚಿ ನೋಡುತ್ತ ಕೂತರೆ ಗಾಡಿಗಳು ಪಕ್ಕದ ನಾಡಿಗೆ ಹೋಗುತ್ತವೆ, ಮುದ್ರೆ ಒತ್ತಿ ಬಿಡಿ" ಎಂದ. ಉಳಿದವರು ಹಳೆಯದೇ ಇರಲಿ ಎಂದರು. ಸಭೆಯಲ್ಲಿ ಕೂಗಾಟ ನಡೆದೇ ಇತ್ತು, ಗಡಿಯಲ್ಲಿ ಮೊರದ ಹೆಂಗಸರನ್ನು ಮನೆಗೆ ಕಳಿಸಿಯಾಗಿತ್ತು, ಬಿಚ್ಚದೆಯೇ ಮುದ್ರೆ ಬಿದ್ದ ಚೀಲಗಳು ಬರುತ್ತಲೇ ಇದ್ದವು.

ಮನೆಗೆ ಕಳಿಸಿದ ಆ ಹನ್ನೆರಡು ಹೆಂಗಸರಲ್ಲಿ ದ್ಯಾಮವ್ವ ಒಬ್ಬಳು. ಎಂಟು ವರ್ಷ ಗಡಿಯಲ್ಲಿ ಬೇಳೆ ಕೇರಿದ ಕೈ ಅವಳದು. ಡಂಗುರ ಕೇಳಿದವಳೇ ಮೊರವನ್ನು ಕಂಕುಳಲ್ಲಿ ಇರುಕಿಕೊಂಡಳು, ಏಳು ವರ್ಷದ ಮಗಳು ಗಂಗಿಯನ್ನು ಸೊಂಟಕ್ಕೆ ಏರಿಸಿದಳು.

"ನಿನಗೇನು ಹುಚ್ಚೇನೇ? ನಿನ್ನ ತಲೆ ಹೋದರೆ ಈ ಕೂಸನ್ನು ಹೊರುವವರು ಯಾರು?" ಎಂದಳು ಪಕ್ಕದ ಮನೆಯ ನೀಲಕ್ಕ.

"ನಿನ್ನ ಮನೇಲೂ ಅದೇ ಬೇಳೆ ಬೇಯ್ತೈತಿ, ನೀಲಕ್ಕ. ನಿನ್ನ ಮಗ ಇನ್ನೂ ಓಡಾಡ್ತಾನ. ನಾ ಸುಮ್ಮನಿದ್ರ ಎಷ್ಟು ದಿನ ಓಡಾಡ್ತಾನ?"

ಸಭೆಯಲ್ಲಿ ದೊರೆ ಮೂರು ಒಗಟನ್ನೂ ಒಟ್ಟಿಗೇ ಮುಂದಿಟ್ಟಿದ್ದ. "ಗಡಿಯಲ್ಲಿ ಅಗ್ಗ, ಅಂಗಡಿಯಲ್ಲಿ ಅಗ್ಗ, ಮನೆಗೆ ಬಂದ ಮೇಲೆ ಬಲು ದುಬಾರಿ. ಅದು ಯಾವುದು? ಬೀಗ ಮುರಿಯದೆ, ಕನ್ನ ಕೊರೆಯದೆ ಬಂದ ಕಳ್ಳ. ಮನೆಯೊಡತಿಯೇ ಒಳಗೆ ಕರೆದಳು, ಒಲೆ ಹಚ್ಚಿ ಉಪಚರಿಸಿದಳು. ಅವನು ಯಾರು? ಕಣ್ಣಿಲ್ಲ, ಮೂಗಿಲ್ಲ, ನಾಲಿಗೆಯಿಲ್ಲ, ಆದರೂ ಇಡೀ ನಾಡು ಅದರ ಮಾತು ನಂಬಿ ಊಟಕ್ಕೆ ಕೂರುತ್ತದೆ. ಅದು ಏನು?"

ಮಸಾಲೆ ವ್ಯಾಪಾರಿಯೊಬ್ಬ ಮೀಸೆ ತಿರುವಿ, "ಮೊದಲನೆಯದು ಮುದಿ ಕುದುರೆ, ಪ್ರಭು! ಕೊಳ್ಳುವಾಗ ಅಗ್ಗ, ಸಾಕುವಾಗ ದುಬಾರಿ" ಎಂದ. ದೊರೆ ತಲೆ ಅಲ್ಲಾಡಿಸಿದ. ಕಾವಲುಗಾರರು ಅವನನ್ನು ಎಳೆದುಕೊಂಡು ಹೋದರು. ಆಮೇಲೆ ಮಾತಿನ ಮಲ್ಲನೊಬ್ಬ ಎದ್ದು, "ಎರಡನೆಯದು ಮನೆ ಅಳಿಯ!" ಎಂದ. ಸಭೆ ಗೊಳ್ಳೆಂದು ನಕ್ಕಿತು. ದೊರೆ ನಗಲಿಲ್ಲ, ಅವನನ್ನೂ ಎಳೆದೊಯ್ದರು. ಬಾಗಿಲ ಬಳಿ ಆ ಇಬ್ಬರ ಚಪ್ಪಲಿಗಳು ಹಾಗೇ ಬಿದ್ದಿದ್ದವು. ದ್ಯಾಮವ್ವ ಅವನ್ನು ನೋಡಿದಳು. ಆದರೂ ಮುಂದೆ ಬಂದು ಗಂಗಿಯನ್ನು ನೆಲಕ್ಕೆ ಇಳಿಸಿದಳು. ಕೂಸು ನಿಲ್ಲಲಾರದೆ ಕಂಬ ಹಿಡಿಯಿತು.

"ಮೊದಲನೇದು ತೊಗರಿ ಹೆಸರಲ್ಲಿ ಬಂದ ಕೇಸರಿ ಬೇಳೆರೀ" ಎಂದು ಮೊರದ ಮೇಲೆ ಒಂದು ಹಿಡಿ ಬೇಳೆ ಹರಡಿದಳು. "ತೊಗರಿ ದುಂಡಗಿರ್ತದ. ಇದು ಮೂಲೆ ಮೂಲೆ, ನೋಡ್ರಿ. ತಿಂಗಳುಗಟ್ಟಲೆ ಉಂಡ್ರೆ ಕಾಲಿನ ಶಕ್ತಿ ಹೋಗ್ತದ, ಮತ್ತೆ ಬರಂಗಿಲ್ಲ. ಎಷ್ಟು ದುಬಾರಿ ಅಂತ ಇವಳ ಕಾಲು ನೋಡ್ರಿ."

"ಎರಡನೆಯದು?"

"ಕಳ್ಳನೂ ಅದೇ ಬೇಳೆ." ಅವಳ ದನಿ ಒಡೆಯಿತು. "ಕರೆದ ಮನೆಯೊಡತಿ ನಾನು. ಎಂಟು ವರ್ಷ ಮಂದಿ ಬೇಳೆ ಹಸನು ಮಾಡಿದೆ, ನನ್ನ ಮನೆ ಬೇಳೆ ಮೊರಕ್ಕೆ ಹಾಕಲಿಲ್ಲ. ನಮ್ಮ ನಾಡಿನ ಮುದ್ರೆ ಐತಿ, ಗಡಿಯಲ್ಲಿ ಯಾರೋ ನೋಡಿರ್ತಾರ ಅಂದ್ಕೊಂಡೆ. ನೋಡಬೇಕಾದವಳೇ ಮನೆಯಲ್ಲಿ ಕೂತಿದ್ದೆ, ನನಗೇ ಹೊಳೀಲಿಲ್ಲ! ನಾನೇ ಕಲಸಿ ಕೂಸಿನ ಬಾಯಿಗೆ ಇಟ್ಟೆ. ಮೂರನೇದು ಅದೇ ಮುದ್ರೆ, ದೊರೆಗಳೇ. ಅದು ಏನನ್ನೂ ನೋಡಂಗಿಲ್ಲ, ಮೂಸಂಗಿಲ್ಲ, ಉಣ್ಣಂಗಿಲ್ಲ."

ಮೂರೂ ಸರಿಯಾಗಿದ್ದವು. ಆದರೆ ಸುಂಕದ ಮಂತ್ರಿ ಸುಮ್ಮನಿರಬೇಕಲ್ಲ! "ಒಂದು ಬಟ್ಟಲಿಗೆ ಯಾರಿಗೂ ಏನೂ ಆಗುವುದಿಲ್ಲ. ಬೇಯಿಸಿ ತನ್ನಿ, ನಾನೇ ಉಣ್ಣುತ್ತೇನೆ" ಎಂದು ಎದೆ ತಟ್ಟಿಕೊಂಡ.

"ಒಂದು ಬಟ್ಟಲು ಯಾಕ್ರೀ? ನಿಮ್ಮ ಮೊಮ್ಮಗನಿಗೆ ಮೂರು ತಿಂಗಳು ಹಾಕ್ರಿ" ಎಂದಳು ದ್ಯಾಮವ್ವ.

ಎದೆ ತಟ್ಟಿದ ಕೈಯನ್ನು ಮಂತ್ರಿ ಕೆಳಗಿಳಿಸಿದ. ಮೆಲ್ಲಗೆ ಕೂತುಬಿಟ್ಟ.

"ಗಡಿಯ ಕಾಯಿದೆ ಹೇಳು ತಾಯಿ" ಎಂದ ದೊರೆ.

"ಮೊರ ಹಿಡಿಯೋ ಹೆಂಗಸರನ್ನ ಮತ್ತೆ ಗಡಿಗೆ ಕಳಿಸ್ರಿ. ಗಡಿ ದಾಟಿದ ಚೀಲದಿಂದಲೇ ಅರಮನೆ ಅಡಿಗೀನೂ ಆಗಬೇಕು, ಮಂತ್ರಿಗಳ ಮನೆ ಅಡಿಗೀನೂ ಆಗಬೇಕು."

ಅದೇ ಕಾಯಿದೆಯಾಯಿತು. ಸಭೆಯ ಎದುರೇ ಮುದ್ರೆಯನ್ನು ಕುಲುಮೆಗೆ ಹಾಕಿಸಿದರು. ದೊರೆ ದ್ಯಾಮವ್ವನಿಗೆ ಹತ್ತು ಕೂರಿಗೆ ಹೊಲ, ಗಡಿಬಾಗಿಲಿನ ಯಜಮಾನಿಕೆ ಕೊಟ್ಟ. ಅವಳು ಬೇಡ ಅನ್ನಲಿಲ್ಲ, ಖುಷಿಯನ್ನೂ ಪಡಲಿಲ್ಲ.

"ಒಂದು ಮಾತು ಕೇಳ್ಲಾ? ಒಗಟು ಕಟ್ಟಿದವರು ನೀವು. ಅಂದ್ರೆ ಉತ್ತರ ನಿಮಗೆ ಮೊದಲೇ ಗೊತ್ತಿತ್ತು."

ದೊರೆ ತಲೆ ತಗ್ಗಿಸಿದ. "ಯುಗಾದಿಯ ದಿನವೇ ನಮ್ಮ ವೈದ್ಯ ಹೇಳಿದ್ದ. ಅರ್ಧ ಸಭೆ ಮಂತ್ರಿಯ ಕಡೆ ಇತ್ತು. ನಾನು ಹೇಳಿದರೆ ಸಿಂಹಾಸನ ಅಲ್ಲಾಡೀತೆಂದು ಹೆದರಿದೆ. ಬೇರೆ ಯಾರಾದರೂ ಹೇಳಲಿ ಎಂದು ಕಾದೆ."

ದ್ಯಾಮವ್ವ ಬಾಗಿಲ ಬಳಿಯ ಎರಡು ಜೊತೆ ಚಪ್ಪಲಿ ಕಡೆ ನೋಡಿದಳು. ಆಮೇಲೆ ಕಂಬ ಹಿಡಿದಿದ್ದ ಮಗಳ ಕೈ ಬಿಡಿಸಿ ಸೊಂಟಕ್ಕೆ ಏರಿಸಿಕೊಂಡಳು.

"ಯುಗಾದಿಗೆ ಇವಳು ಕುಂಟಾಬಿಲ್ಲೆ ಆಡ್ತಿದ್ಳು, ದೊರೆಗಳೇ" ಎಂದು ಹೇಳಿ ಗಡಿಯ ದಾರಿ ಹಿಡಿದಳು.