ಸಾವಿನ ಮನೆಗೆ ಬಂದ ಅರಮನೆಯ ಅನ್ನ

"ಗುರುಗಳೇ, ರಾಜ ಒಳ್ಳೆಯವನಾಗಿದ್ದರೆ ಪ್ರಜೆಗಳ ಮನೆಯೊಳಗಿನ ಕಷ್ಟವನ್ನೂ ಅವನೇ ನೋಡಿಕೊಳ್ಳಬಹುದಲ್ಲ? ಅದರಲ್ಲಿ ತಪ್ಪೇನಿದೆ?" ಎಂದು ಬೊಮ್ಮಣ್ಣ ಕೇಳಿದ.

ಬೊಮ್ಮಣ್ಣ ಮಠದ ಶಿಷ್ಯ. ಅವನಿಗೆ ಅರಮನೆಯಿಂದ ಕರೆ ಬಂದಿತ್ತು. ಊರೂರಿಗೆ ಕಟ್ಟಳೆ ಬರೆಯುವ ಕೆಲಸ. ಹೊರಡುವ ಮುಂಚೆ ಕೇಳಿದ ಪ್ರಶ್ನೆ ಇದು.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಹೇಳಿದರು:

"ಕೆಟ್ಟ ರಾಜನ ಮಾತು ಬೇಡ. ಅವನನ್ನು ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಒಬ್ಬ ಒಳ್ಳೆಯ ರಾಜನ ಕತೆ ಕೇಳು."

ಒಂದು ಊರು. ಅಲ್ಲಿ ಸಾವಾದ ಮನೆಯಲ್ಲಿ ಐದು ದಿನ ಒಲೆ ಹಚ್ಚುತ್ತಿರಲಿಲ್ಲ. ನೆರೆಯವರೇ ಅಡುಗೆ ತರುತ್ತಿದ್ದರು. ತಂದವರು ಪಾತ್ರೆ ಇಟ್ಟು ಹಾಗೇ ಹೋಗುವಂತಿಲ್ಲ. ಕೂರಬೇಕು. ಬಡಿಸಬೇಕು. ಸತ್ತವರ ಮಾತು ಬಂದರೆ ಕೇಳಬೇಕು. ತಾವೂ ಅಲ್ಲೇ ಒಂದು ತುತ್ತು ತಿಂದು ಏಳಬೇಕು.

ಒಂದು ಸಲ ಹೀಗಾಯಿತು. ಹೊಸದಾಗಿ ಬಂದು ನೆಲೆಸಿದ್ದ ಒಬ್ಬ ಹೆಂಗಸಿನ ಗಂಡ ಸತ್ತ. ಇವರು ತರುತ್ತಾರೆ ಅಂತ ಅವರು, ಅವರು ತರುತ್ತಾರೆ ಅಂತ ಇವರು. ಒಂದು ದಿನ ಪೂರ್ತಿ ಯಾರೂ ಹೋಗಲಿಲ್ಲ. ಸುದ್ದಿ ರಾಜನಿಗೆ ಮುಟ್ಟಿತು. ರಾಜ ಕಣ್ಣೀರು ಹಾಕಿದ. ಇನ್ನು ಮೇಲೆ ಸಾವಿನ ಮನೆಗೆ ಅರಮನೆಯಿಂದಲೇ ಅನ್ನ ಹೋಗಲಿ ಅಂದ.

ಊರಿನವರು ಕೈಮುಗಿದರು. ಹೊರೆ ಇಳಿಯಿತು ಅಂದುಕೊಂಡರು. ಆದರೂ ಕೆಲವರು ಅಭ್ಯಾಸ ಬಿಡದೆ ಪಾತ್ರೆ ಹಿಡಿದು ಹೋಗುತ್ತಿದ್ದರು. ಒಂದು ಮನೆಗೆ ಹತ್ತು ಪಾತ್ರೆ, ಇನ್ನೊಂದು ಮನೆಗೆ ಒಂದು. ಅದರಿಂದಲೂ ರಾಜನಿಗೆ ನೋವಾಯಿತು. ಹೊರಗಿನ ಅಡುಗೆ ಬೇಡ, ಎಲ್ಲರಿಗೂ ಒಂದೇ ಅನ್ನ ಎಂದು ಇನ್ನೊಂದು ಅಪ್ಪಣೆ ಹೊರಡಿಸಿದ.

ಆ ಊರಿನಲ್ಲಿ ಬುಟ್ಟಿ ಹೆಣೆಯುವವನೊಬ್ಬ ಇದ್ದ. ಬಿದಿರು ಸೀಳುವುದು ಅವನು, ಹೆಣೆಯುವುದು ಹೆಂಡತಿ. ನಲವತ್ತು ವರ್ಷ ಎದುರೆದುರು ಕೂತು ಕೆಲಸ ಮಾಡಿದರು. ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ಮಣ್ಣು ಮಾಡಿ ಮನೆಗೆ ಬಂದ. ಜನ ಬಾಗಿಲವರೆಗೆ ಬಂದು ತಿರುಗಿದರು. ಮಧ್ಯಾಹ್ನ ಅರಮನೆಯ ಆಳು ಅನ್ನ ತಂದ. ಬಿಸಿ ಅನ್ನ, ತುಪ್ಪ, ಬೇಳೆಯ ಸಾರು. ಬುಟ್ಟಿಯವನು ಕೂತೇ ಇದ್ದ.

ಆಳು ಕಾದು ನೋಡಿ ಹೇಳಿದ: "ಪಾತ್ರೆ ಬರಿದಾಗಿ ಹೋಗಬೇಕಣ್ಣ. ಇಲ್ಲದಿದ್ದರೆ ನನ್ನನ್ನು ಕೇಳುತ್ತಾರೆ."

ಬುಟ್ಟಿಯವನು ಎದ್ದ. ಅನ್ನವನ್ನು ಹಿತ್ತಲಿನ ಕೋಳಿಗಳಿಗೆ ಸುರಿದ. ಪಾತ್ರೆ ತೊಳೆದು ಕೊಟ್ಟ.

ನಾಲ್ಕು ದಿನ ಹೀಗೇ. ಬರಿದಾದ ಪಾತ್ರೆ ಬೀದಿಯಲ್ಲಿ ಹೋಗುವುದನ್ನು ಊರು ನೋಡಿತು. ಸದ್ಯ, ಉಣ್ಣುತ್ತಿದ್ದಾನೆ ಅಂದುಕೊಂಡಿತು. ರಾಜನೂ ಹಾಗೇ ಅಂದುಕೊಂಡ.

ಐದನೆಯ ದಿನ ಪಕ್ಕದ ಮನೆಯ ಮುದುಕಿ, ಅವನ ಹಿತ್ತಲಿನ ಕೋಳಿಗಳು ಹಿಂದಿನ ದಿನದ ತುಪ್ಪದನ್ನ ಕುಕ್ಕುವುದನ್ನು ಕಂಡಳು. ಬೇಲಿ ದಾಟಿ ಒಳಗೆ ಬಂದಳು. ಅವನು ನೆಲದ ಮೇಲೆ ಬಿದ್ದಿದ್ದ. ತುಟಿ ಒಣಗಿತ್ತು. ಅವಳು ವಾಪಸು ಹೋಗಿ ರಾಗಿ ಗಂಜಿ ಕಾಯಿಸಿ ತಂದಳು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಏನೋ, ಅವಳ ಹಿಂದೆಯೇ ಹೊರಟೆಯಾ? ನಲವತ್ತು ವರ್ಷ ಬಡಿಸಿ ಸಾಕಾಗಿ ಹೋಗಿದ್ದಾಳೆ. ಅಲ್ಲಿಗೂ ಹೋಗಿ ತಟ್ಟೆ ಹಿಡಿದು ನಿಲ್ಲಬೇಕಾ ನೀನು? ಬಾಯಿ ತೆಗಿ."

ಅವನಿಗೆ ನಗು ಬಂತು. ನಗುತ್ತಲೇ ಅತ್ತ.

"ಉಪ್ಪು ಕಮ್ಮಿ ಅಕ್ಕಾ" ಅಂದ.

"ನಿನ್ನ ಕಣ್ಣೀರು ಬೀಳುತ್ತಾ ಇದೆಯಲ್ಲ, ಸರಿಹೋಗುತ್ತೆ. ಕುಡಿ."

ಕುಡಿದ. ಆಮೇಲೆ ಹೆಂಡತಿಯ ಮಾತು ತೆಗೆದ. ಹೆಣೆಯುವಾಗ ಅವಳು ಗುನುಗುತ್ತಿದ್ದಳು, ನಾನು ಸುಮ್ಮನಿರು ಅಂತ ಗದರುತ್ತಿದ್ದೆ ಅಂದ.

"ಗೋಡೆಯಾಚೆ ನನಗೂ ಕೇಳುತ್ತಿತ್ತು ಕಣೋ" ಅಂದಳು ಮುದುಕಿ.

ಅಷ್ಟರಲ್ಲಿ ಆಳು ಬಂದ. ಮುದುಕಿ ತಂದ ಗಂಜಿಯ ಪಾತ್ರೆ ನೋಡಿದ. ಅಪ್ಪಣೆ ಮೀರಿದಳು ಅಂತ ಮುದುಕಿಯ ಮೇಲೆ ದೂರು ಹೋಯಿತು. ರಾಜ ಒಳ್ಳೆಯವನು. ದಂಡ ಹಾಕಲಿಲ್ಲ. ತಾನೇ ಬುಟ್ಟಿಯವನ ಮನೆಗೆ ಬಂದ.

"ನನ್ನ ಅನ್ನದಲ್ಲಿ ಏನು ಕೊರತೆ ಇತ್ತಪ್ಪ?"

"ಕೊರತೆ ಇರಲಿಲ್ಲ ಬುದ್ಧಿ. ಉಣ್ಣು ಅಂತ ಬೈಯುವವರು ಇರಲಿಲ್ಲ."

ರಾಜನ ಮನಸ್ಸು ಕರಗಿತು. ತುಂಬ ಹೊತ್ತು ಯೋಚನೆ ಮಾಡಿದ.

"ಆಗಲಿ. ನಾಳೆಯಿಂದ ಅನ್ನದ ಜೊತೆಗೆ ಬೈಯಲು ಒಬ್ಬಳನ್ನೂ ಕಳಿಸುತ್ತೇನೆ" ಅಂದ.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮಣ್ಣ ನಕ್ಕ. ನಗು ನಿಂತ ಮೇಲೆ ಅವನ ಮುಖ ಸಣ್ಣದಾಯಿತು.

"ರಾಜನ ಮನಸ್ಸಿನಲ್ಲಿ ಕರುಣೆ ಇತ್ತಲ್ಲ ಗುರುಗಳೇ. ಪಾಪ, ಅವನಾದರೂ ಇನ್ನೇನು ಮಾಡಬೇಕಿತ್ತು?"

ಗುರುಗಳು ಮೆಲ್ಲಗೆ ಹೇಳಿದರು:

"ಬಾಗಿಲಿಗೆ ಅಡ್ಡ ನಿಂತಿದ್ದನಪ್ಪ, ಸ್ವಲ್ಪ ಸರಿಯಬೇಕಿತ್ತು, ಅವನ ಬೆನ್ನ ಹಿಂದೆ ಊರೆಲ್ಲ ಪಾತ್ರೆ ಹಿಡಿದು ನಿಂತಿತ್ತು."