ಬಲ ಬಂದ ಎಂಜಿನ್ನೂ ಅಗಲದ ಥ್ರಾಟಲ್ಲೂ

ಸಿಲಿಂಡರ್ ಬೋರ್ ಮಾಡಿಸಿಕೊಂಡು ಬಲ ಹೆಚ್ಚಿದ ಪುಟ್ಟ ಕಾರಿನ ಎಂಜಿನ್ನಿಗೆ, ತನಗೆ ಗಾಳಿ ಬಿಡುವ ಹಳೆಯ ಥ್ರಾಟಲ್ ತೀರ ಕಿರಿದೆನಿಸಿತು. ಗ್ಯಾರೇಜಿನ ಕಪಾಟಿನಲ್ಲಿ ದೊಡ್ಡ ಜೀಪಿನಿಂದ ಬಿಚ್ಚಿಟ್ಟ ಅಗಲದ ಥ್ರಾಟಲ್ ಕಂಡು, "ನೀವು ಬನ್ನಿ. ನಾನೀಗ ಮೊದಲಿನಂತಿಲ್ಲ" ಎಂದು ಕರೆಯಿತು.

"ನನ್ನ ಅಳತೆ ನಿಮಗೆ ಹೆಚ್ಚಾದೀತು," ಎಂದು ಅದು ಹಿಂಜರಿಯಿತು.

"ಹೆಚ್ಚಾದರೆ ಒಳ್ಳೆಯದೇ ಅಲ್ಲವೇ?"

ಕಾರಿನ ಒಡೆಯ ಚಿನ್ಮಯನಿಗೂ ಹಾಗೇ ಅನಿಸಿತ್ತು. ಮೆಕ್ಯಾನಿಕ್ ಖಲಂದರ್ ಬೇಡವೆಂದರೂ ಕೇಳದೆ ಅದನ್ನೇ ಹಾಕಿಸಿದ. ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಮೆಲ್ಲಗೆ ಚಕ್ರ ಹತ್ತಿಸಲೆಂದು ಪೆಡಲ್ ಮುಟ್ಟಿದ್ದೇ ತಡ, ಕಾರು ಚಂಗನೆ ನೆಗೆದು ಎದುರಿನ ಸ್ಪ್ಯಾನರ್ ಪೆಟ್ಟಿಗೆಗೆ ಗುದ್ದಿ, ಕೆಮ್ಮಿ, ಆಫ್ ಆಯಿತು.

"ನಿಮ್ಮಿಂದ ನನ್ನ ಮಾನ ಹೋಯಿತು!" ಎಂದಿತು ಎಂಜಿನ್.

"ನಾನು ತೆರೆದದ್ದು ಒಂದು ಬೆರಳು ತೂರುವಷ್ಟು. ಅಷ್ಟಕ್ಕೇ ನಿಮಗೆ ಉಸಿರು ಕಟ್ಟಿತು," ಎಂದು ಥ್ರಾಟಲ್ ನೊಂದುಕೊಂಡಿತು.

"ಥ್ರಾಟಲ್ ಪೂರ್ತಿ ತೆರೆದರೂ ಈ ಎಂಜಿನ್ ಎಳೆಯೋದು ತನಗೆ ಬೇಕಾದಷ್ಟೇ ಗಾಳಿ, ಸಾರ್," ಎಂದ ಖಲಂದರ್. ಹಳೆಯದಕ್ಕಿಂತ ನಾಲ್ಕೇ ಮಿಲಿಮೀಟರ್ ಅಗಲವಾದ ಇನ್ನೊಂದನ್ನು ಕೂರಿಸಿ, ಹೊಸ ನಿಂಬೆಹಣ್ಣು ಇಟ್ಟ. ಈ ಸಲ ಹಣ್ಣು ಸದ್ದಿಲ್ಲದೆ ಅಪ್ಪಚ್ಚಿಯಾಯಿತು. ಕಾರು ಗೇಟು ದಾಟಿತು.

ಸಂಜೆ ಮರಳಿದ ಎಂಜಿನ್, ಕಪಾಟು ಸೇರಿದ್ದ ದೊಡ್ಡ ಥ್ರಾಟಲ್ಲನ್ನು ನೋಡಿ, "ತಪ್ಪು ನಿಮ್ಮದಲ್ಲ" ಎಂದಿತು.

"ಗೊತ್ತು. ಬಂದವರೆಲ್ಲ ನನ್ನ ಬಾಯಿ ಅಳೆಯುತ್ತಾರೆ," ಎಂದಿತು ಅದು. "ತಮ್ಮ ಉಸಿರು ಅಳೆದುಕೊಂಡು ಬಂದವರನ್ನು ನಾನಿನ್ನೂ ಕಂಡಿಲ್ಲ."