ಮೂರುಹಿಡಿ ದಿಬ್ಬ

ಕಾರೆಹೊಳೆ ಕಡಲು ಸೇರುವಲ್ಲಿ, ಸೇತುವೆಯ ಬಲಕ್ಕೆ, ಆಳೆತ್ತರದ ಮಣ್ಣಿನ ದಿಬ್ಬವೊಂದಿದೆ. ಸುತ್ತಲೂ ಬರೀ ಮರಳು, ಕಡಲ ಹೊಯಿಗೆ. ದಿಬ್ಬದಲ್ಲಿ ಮಾತ್ರ ಕೆಂಪು, ಕಪ್ಪು, ಬೂದಿ, ಹಿತ್ತಲಿಗೊಂದು ಬಣ್ಣದ ಮಣ್ಣು. ಪಕ್ಕದ ಫಲಕದಲ್ಲಿ 'ದಯಾಳು ಮಾರಗಾವುಂಡನು ಪರದೇಶಿಗೆ ಮಣ್ಣು ಕೊಟ್ಟ ಪುಣ್ಯಸ್ಥಳ' ಎಂದು ಬರೆದಿದೆ. ಅದು ಹಸಿ ಸುಳ್ಳು ಎನ್ನುತ್ತಾರೆ ಊರ ಹೆಂಗಸರು.

ಹಿಂದೆ ಒಮ್ಮೆ, ಯವನರು ಮೆಣಸಿಗಾಗಿ ಬರುತ್ತಿದ್ದ ಕಾಲದಲ್ಲಿ, ಅವರ ಹಡಗೊಂದು ಅಳಿವೆಯ ಬಂಡೆಗೆ ಬಡಿದು ಒಡೆಯಿತು. ದಡ ಸೇರಿದ್ದು ಒಬ್ಬ ಮುದುಕ, ಜೊತೆಗೆ ಅವನ ಮಗನ ಹೆಣ. ಮುದುಕ ಹೊಯಿಗೆ ಮುಚ್ಚಿದ, ಉಬ್ಬರ ತೊಳೆದೊಯ್ದಿತು. ಮತ್ತೆ ಮುಚ್ಚಿದ, ಮತ್ತೆ ತೊಳೆಯಿತು. ದೋಣಿ ದಾಟಿಸುವ ಅಂಬಿಗರ ಹೊನ್ನಿ ಹತ್ತಿರ ಹೋಗಿ ವಿಚಾರಿಸಿದಳು. ಅವನು ಅರೆಬರೆ ಮಾತಿನಲ್ಲಿ ಹೇಳಿದ: ಅವರಲ್ಲಿ ಸತ್ತವರು ನೆರಳಾಗಿ ನೆಲದಡಿಯ ಹೊಳೆಯೊಂದರ ದಡಕ್ಕೆ ಹೋಗುತ್ತಾರಂತೆ. ಮೈಮೇಲೆ ಮೂರು ಹಿಡಿ ಮಣ್ಣಾದರೂ ನಿಲ್ಲದವರನ್ನು ಅಲ್ಲಿನ ಅಂಬಿಗ ಹತ್ತಿಸಿಕೊಳ್ಳನಂತೆ. ನೂರು ವರ್ಷ ದಡದಲ್ಲೇ ಅಲೆಯಬೇಕಂತೆ.

ಹೊನ್ನಿಗೆ ಮೈಯೆಲ್ಲ ಉರಿಯಿತು. "ದಡದಲ್ಲಿ ನಿಂತು ಕೂಗುವವರನ್ನು ಬಿಟ್ಟು ಹೋಗುವವನು ಅಂಬಿಗನೇ? ಅವನ ಕೈಗೆ ಹುಟ್ಟು ಕೊಟ್ಟವರಾರು?" ಆ ಅಂಬಿಗ ಸಿಗುವಂತಿರಲಿಲ್ಲ, ಸಿಕ್ಕವನು ಊರ ಮುಖ್ಯಸ್ಥ ಮಾರಗಾವುಂಡ. ಹೆಣ ಊರೊಳಗೆ ಬರಕೂಡದು, ಊರ ಮಣ್ಣೂ ಅದಕ್ಕೆ ಬೀಳಕೂಡದು ಎಂದು ಅಪ್ಪಣೆ ಮಾಡಿದ್ದ.

"ಕುಲವಿಲ್ಲ, ಗೋತ್ರವಿಲ್ಲ. ನಿನಗೆ ಏನಾಗಬೇಕೇ ಅವನು?"

"ನನ್ನ ದಡಕ್ಕೆ ಬಂದವನು, ಒಡೆಯಾ. ಮೊದಲು ಬಂದವರು ಮೊದಲು ದಾಟಬೇಕು, ಅದು ನಮ್ಮ ನೇಮ. ಅವನು ದಾಟಲಿ, ಆಮೇಲೆ ಉಳಿದವರು."

ಹಾಗೆಂದು ದೋಣಿ ಮೇಲಕ್ಕೆಳೆದು ಕವುಚಿ ಹಾಕಿದಳು. ಪಯಣಿಗರು ದಡದಲ್ಲಿರುವಾಗ ಅಂಬಿಗರು ಉಣ್ಣುವಂತಿಲ್ಲ. ತಾನೂ ಉಪವಾಸ ಕುಳಿತಳು. ಮರುದಿನ ತವರಿಗೆ ಹೊರಟ ಬಸುರಿಯೊಬ್ಬಳು ಸೆರಗಿನಲ್ಲಿ ಹಿತ್ತಲ ಮಣ್ಣು ಕಟ್ಟಿ ತಂದು ಹೆಣದ ಮೇಲೆ ಸುರಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಸಂತೆಗೆ ಹೊರಟವರೆಲ್ಲ. ಬುಟ್ಟಿ ಬುಟ್ಟಿ ಮಣ್ಣು ಬಿದ್ದು, ಉಬ್ಬರಕ್ಕೂ ಜಗ್ಗದ ದಿಬ್ಬವಾಯಿತು. ಮೂರು ಹಿಡಿ ಹಾಕಿದವರನ್ನು ದಾಟಿಸಲು ಹೊನ್ನಿ ದೋಣಿಯನ್ನು ನೀರಿಗಿಳಿಸಿದಳು.

ಮೂರನೆಯ ದಿನ ಗಾವುಂಡ ಬಂದ, ಬರಿಗೈಯಲ್ಲಿ. ತಂದೆಯ ತಿಥಿ ಆಚೆ ದಡದ ಕಟ್ಟೆಯಲ್ಲಾಗಬೇಕಿತ್ತು. ಹೊನ್ನಿ ಹುಟ್ಟನ್ನು ಅಡ್ಡ ಹಿಡಿದಳು. "ನಿಮ್ಮಪ್ಪ ಆಚೆ ಕಾಯುತ್ತಿದ್ದಾರೆ, ಒಡೆಯಾ. ಇವನಪ್ಪ ಇಲ್ಲಿ ಕಾಯುತ್ತಿದ್ದಾನೆ." ಗಾವುಂಡ ಆಳಿಂದ ಮಣ್ಣು ತರಿಸಿ, ಮುಖ ತಿರುಗಿಸಿಕೊಂಡೇ ಎಸೆದು ದೋಣಿಗೆ ಕಾಲಿಟ್ಟ.

"ಎರಡೇ ಆಯಿತು," ಎಂದಳು ಹೊನ್ನಿ.

ಅವನು ತಿರುಗಿ ಹೋಗಿ ಮೂರನೆಯ ಹಿಡಿ ಹಾಕಿ ಬಂದ.

ಈಗ ದೋಣಿಯಿಲ್ಲ. ಆದರೂ ಸೇತುವೆ ದಾಟುವ ಹೆಂಗಸರು ಹಿತ್ತಲ ಮಣ್ಣು ತಂದು ದಿಬ್ಬಕ್ಕೆ ಮೂರು ಹಿಡಿ ಹಾಕುತ್ತಾರೆ. ಫಲಕಕ್ಕೆ ವರ್ಷವರ್ಷವೂ ಹೊಸ ಬಣ್ಣ ಬಳಿಯುತ್ತಾರಾದರೂ ಗಾವುಂಡನ ಹೆಸರು ಓದಲು ಸಿಗುವುದು ನಾಲ್ಕೇ ದಿನ. ನಾಲ್ಕನೆಯ ಹಿಡಿ ಬೀಳುವುದು ಆ ಹೆಸರಿನ ಮೇಲೆಯೇ.